ಇಳಿಯದ ಊರಿನಲ್ಲಿ ಕಳೆದುಹೋದವನು

"ಇದರಲ್ಲಿ ಮುದ್ರೆ ಎಲ್ಲಿ ಯರ್ರಪ್ಪ?"

ಯರ್ರಪ್ಪ ಮಗ್ಗದ ಗುಂಡಿಯಿಂದ ಕಾಲು ಮೇಲೆತ್ತಲಿಲ್ಲ. ಅವನ ಪಾಸ್‌ಪೋರ್ಟು ನನ್ನ ಕೈಯಲ್ಲಿತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ತಿರುವಿ ನೋಡಿದ್ದೆ. ಮೊಳಕಾಲ್ಮೂರಿನ ಆ ಓಣಿಯಲ್ಲಿ ಎಡಕ್ಕೂ ಬಲಕ್ಕೂ ಮಗ್ಗಗಳು ಬಡಿಯುತ್ತಿದ್ದವು. ಇವನ ಮನೆಯ ಮಗ್ಗ ಮಾತ್ರ ನಾನು ಹೊಸ್ತಿಲು ದಾಟಿದ ಗಳಿಗೆಯಿಂದ ಸುಮ್ಮನಾಗಿತ್ತು.

"ಯಾವ ಮುದ್ರೆ ಸಾರ್?"

"ಜರ್ಮನಿದು."

ಅವನು ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

ಚಳ್ಳಕೆರೆ ಕಡೆಯ ಕಂಬಳಿ ನೇಕಾರ ಕಾಮಣ್ಣ ಕೆನಡಾದ ಕರಕುಶಲ ಮೇಳಕ್ಕೆ ಹೋಗುವಾಗ, ವಿಮಾನ ಬದಲಿಸಲು ಇಳಿದ ಜರ್ಮನಿಯಲ್ಲಿ ತಪ್ಪಿಸಿಕೊಂಡು ಓಡಿಹೋದ ಎನ್ನುವುದು ಮೂರು ತಿಂಗಳಿಂದ ಊರೆಲ್ಲ ನಂಬಿದ ಕಥೆ. ಹೋದವರು ಮೂವರು, ಬಂದವರು ಇಬ್ಬರು: ಕರೆದುಕೊಂಡು ಹೋದ ಎಣ್ಣೆ ಮಿಲ್ಲಿನ ಸಾಹುಕಾರ ಸಿದ್ದಲಿಂಗೇಶ್ ಮತ್ತು ಈ ರೇಷ್ಮೆ ಸೀರೆಯ ಯರ್ರಪ್ಪ.

"ಇನ್ನೊಂದ್ಸಲ ಹೇಳು. ಜರ್ಮನೀಲಿ ಏನಾಯ್ತು?"

"ಎಂಟು ತಾಸು ಟೈಮಿತ್ತು ಸಾರ್. ಊರು ನೋಡ್ಕಂಡು ಬರಾಣ ಅಂತ ಮೂರೂ ಜನ ಹೊರಗೆ ಹೋದ್ವಿ. ಒಂದು ದೊಡ್ಡ ಚರ್ಚಿನ ಹತ್ರ ಜನ ಜಾಸ್ತಿ ಇತ್ತು. ತಿರುಗಿ ನೋಡ್ತೀವಿ, ಕಾಮಣ್ಣ ಇಲ್ಲ."

ಮೊದಲ ಸಲ ಹೇಳಿದಾಗಲೂ ಇದೇ ಮಾತು, ಇದೇ ಚರ್ಚು, ಇದೇ ಎಂಟು ತಾಸು. ನಿಜ ಹೇಳುವವನು ಎರಡನೇ ಸಲ ಒಂದಾದರೂ ಮಾತು ಹಿಂದುಮುಂದು ಮಾಡುತ್ತಾನೆ. ಕಂಠಪಾಠ ಮಾಡಿದವನು ಮಾಡುವುದಿಲ್ಲ.

ಮೂವತ್ತಮೂರು ವರ್ಷ ಪೊಲೀಸ್ ಕೆಲಸ ಮಾಡಿ ಈ ವರ್ಷವಷ್ಟೇ ನಿವೃತ್ತನಾದ ಹೆಡ್ ಕಾನ್‌ಸ್ಟೇಬಲ್ ನಾನು. ಹೆಸರು ಉಗ್ರಪ್ಪ. ಕೊನೆಯ ಒಂಬತ್ತು ವರ್ಷ ಪಾಸ್‌ಪೋರ್ಟ್ ಅರ್ಜಿ ಹಾಕಿದವರ ವಿಚಾರಣೆಯೇ ನನ್ನ ಪಾಲಿನ ಕೆಲಸವಾಗಿತ್ತು. ಪಾಸ್‌ಪೋರ್ಟು ಕೈಗೆ ಸಿಕ್ಕರೆ ಬೇರೆಯವರು ಫೋಟೋ ನೋಡುತ್ತಾರೆ, ನಾನು ಹಾಳೆಗಳನ್ನು ನೋಡುತ್ತೇನೆ. ಆದರೆ ಪಾಸ್‌ಪೋರ್ಟು ಬೇರೆ, ವೀಸಾ ಬೇರೆ. ಅದು ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಅದಕ್ಕೇ ಹಿಂದಿನ ದಿನ ಎಸ್‌ಟಿಡಿ ಬೂತಿನಿಂದ ದಾವಣಗೆರೆಯಲ್ಲಿ ವಿಮಾನದ ಟಿಕೆಟ್ ಮಾಡಿಸಿಕೊಡುವ ಶಿವರಂಜನಿಗೆ ಫೋನ್ ಮಾಡಿದ್ದೆ.

"ಕೆನಡಾ ವೀಸಾ ಇರೋರು ಜರ್ಮನಿ ವಿಮಾನ ನಿಲ್ದಾಣದ ಒಳಗೇ ಕೂತು ವಿಮಾನ ಬದಲಿಸಬಹುದು ಸಾರ್" ಎಂದಿದ್ದಳು ಆ ಹುಡುಗಿ. "ಆದ್ರೆ ಗಾಜಿನ ಬಾಗಿಲು ದಾಟಿ ಊರೊಳಗೆ ಕಾಲಿಡಬೇಕು ಅಂದ್ರೆ ಅಲ್ಲಿಯದೇ ವೀಸಾ ಬೇಕು, ಒಳಗೆ ಬಿಟ್ಟ ಮುದ್ರೆ ಬೀಳಬೇಕು. ಅದಿಲ್ದಿದ್ರೆ ಎಂಟು ತಾಸಾಗ್ಲಿ, ಹದಿನೆಂಟು ತಾಸಾಗ್ಲಿ, ಬೆಂಚಿನ ಮೇಲೇ ಕೂತಿರಬೇಕು. ಕೆಲವು ದೇಶದಲ್ಲಿ ಒಳಗೆ ಕೂರೋಕೂ ಬೇರೆ ವೀಸಾ ಕೇಳ್ತಾರೆ. ಹೊರಡೋ ಮೊದಲೇ ನೋಡ್ಕೋಬೇಕು."

ನಮ್ಮ ಜನ ಎಡವುವುದು ಇಲ್ಲೇ. ವಿಮಾನ ನಿಲ್ದಾಣವೆಂದರೆ ಚಿತ್ರದುರ್ಗದ ಬಸ್ ನಿಲ್ದಾಣ ಎಂದುಕೊಳ್ಳುತ್ತಾರೆ. ಒಂದು ಬಸ್ಸು ಇಳಿದು, ಹೊರಗೆ ಹೋಗಿ ಚಹ ಕುಡಿದು, ಎಲೆಯಡಿಕೆ ಹಾಕಿಕೊಂಡು ಬಂದು ಇನ್ನೊಂದು ಬಸ್ಸು ಹತ್ತುವುದು. ಹಾಗಾಗಿ ಕಾಮಣ್ಣ ನಡುವೆ ಇಳಿದು ಹೋದ ಎಂದಾಗ ಅವನ ಹಟ್ಟಿಯ ಹಿರಿಯರಿಗಾಗಲಿ, ಬುದ್ಧಿವಂತನೆಂದು ಬೀಗುವ ನನಗಾಗಲಿ ಮೊದಲಿಗೆ ಸಂಶಯವೇ ಬರಲಿಲ್ಲ. ಕಥೆ ಕಟ್ಟಿದವನು ನಮ್ಮನ್ನು ಸರಿಯಾಗಿ ತೂಗಿ ನೋಡಿದ್ದ.

"ನಿನ್ನ ಪಾಸ್‌ಪೋರ್ಟಿನಲ್ಲಿ ಕೆನಡಾ ವೀಸಾ ಐತೆ, ಕೆನಡಾ ಮುದ್ರೆ ಐತೆ. ಜರ್ಮನಿ ಹೆಸರೇ ಇಲ್ಲ. ವೀಸಾ ಇಲ್ದೆ ಆ ಚರ್ಚಿನ ಹತ್ರ ಹೆಂಗೆ ಹೋದೆ? ಹಾರ್ಕೊಂಡು ಹೋದ್ಯಾ?"

"ನಾಕೇಂ ತೆಲೀದು ಸಾರ್" ಎಂದ. ಏನೂ ಗೊತ್ತಿಲ್ಲವಂತೆ. ಹೆದರಿದಾಗ ಮನೆಮಾತು ತೆಲುಗು ತಾನಾಗಿ ಹೊರಬರುತ್ತದೆ.

"ಗೊತ್ತಿಲ್ದಿದ್ರೆ ಬಿಡು. ಹೊರಗೆ ಜಗಲಿ ಮೇಲೆ ಒಬ್ಬರು ಕೂತವ್ರೆ, ಅವರಿಗೆ ಹೇಳು."

ಯರ್ರಪ್ಪ ಕಿಟಕಿಯಿಂದ ಇಣುಕಿದ. ಜಗಲಿಯ ಮೇಲೆ ಕಾಮಣ್ಣನ ಹೆಂಡತಿ ಕ್ಯಾತಮ್ಮ ಕೂತಿದ್ದಳು. ಗಂಡನನ್ನು ಹುಡುಕಿಕೊಡಿ ಎಂದು ನನ್ನ ಬಳಿ ಬಂದವಳು ಅವಳೇ. ಸುಮ್ಮನೆ ಕೂರುವುದು ಅವಳಿಗೆ ಗೊತ್ತಿಲ್ಲ. ಸೆರಗಿನಲ್ಲಿ ಒಂದು ಹಿಡಿ ಉಣ್ಣೆ ಇಟ್ಟುಕೊಂಡು ಅದರೊಳಗಿನ ಮುಳ್ಳು ಆರಿಸುತ್ತಿದ್ದಳು. ಅವಳ ಹಟ್ಟಿಯಲ್ಲಿ ನೇಯುವುದು ಗಂಡಸು, ನೂಲುವುದು ಹೆಂಗಸು. ಗಂಡನ ಮಗ್ಗಕ್ಕೆ ಹೆಂಡತಿಯದೇ ನೂಲು ಏರಬೇಕು, ಬೇರೆಯವಳ ನೂಲು ಮುಟ್ಟಿದರೆ ಅವಳೊಡನೆ ಮನೆ ಹೂಡಿದ ಲೆಕ್ಕ. ಮೂರು ತಿಂಗಳಿಂದ ಅವಳು ನೂತ ನೂಲು ಮೂಲೆಯಲ್ಲಿ ಉಂಡೆ ಉಂಡೆಯಾಗಿ ಬಿದ್ದಿರುವುದನ್ನು ನಾನೇ ನೋಡಿದ್ದೆ.

"ಆಯಮ್ಮನ್ನ ಯಾಕೆ ಕರ್ಕಂಡು ಬಂದ್ರಿ ಸಾರ್?"

"ಬರೋ ಸೋಮವಾರ ಹಟ್ಟಿ ಹಿರಿಯರು ಸೇರ್ತಾರೆ. ಮೂರು ತಿಂಗ್ಳು ಸುದ್ದಿ ಇಲ್ದೋನು ಸತ್ತಂಗೇ ಅಂತ ತೀರ್ಮಾನ ಮಾಡಿ ಇವಳ ಕೈ ಬಳೆ ಒಡೆಸ್ತಾರೆ. ನೀನು ಸುಮ್ನೆ ಇರೋದಾದ್ರೆ ಇರು. ಸೋಮವಾರ ಬಂದು ಆ ಶಬ್ದ ಕೇಳ್ಕೊಂಡು ಹೋಗು."

ಯರ್ರಪ್ಪ ಲಾಳಿ ಕೆಳಗಿಟ್ಟ. ಗುಂಡಿಯಿಂದ ಮೇಲೆ ಬಂದ.

"ಗಾಜಿನ ಒಳಗೇ ಕೂತಿದ್ವಿ ಸಾರ್, ಎಂಟೂ ತಾಸು. ಚಪ್ಪೆ ಬ್ರೆಡ್ಡು ತಿಂದ್ವಿ. ಆಮೇಲೆ ಮೂರೂ ಜನ ವಿಮಾನ ಹತ್ತಿದ್ವಿ."

"ಕಾಮಣ್ಣಾನೂ?"

"ಅವನೂ. ಕೆನಡಾದಾಗೆ ಇಳಿದ್ವಿ. ಮೇಳದ ಎರಡನೇ ದಿನ ಯಾರೋ ಕಾರು ತಂದ್ರು. ಚೀಲ ತಗಂಡು ಹತ್ತಿ ಹೋದ. ಸಾವ್ಕಾರ್ರು ನೋಡ್ತಾನೇ ನಿಂತಿದ್ರು, ಏನೂ ಅನ್ಲಿಲ್ಲ. ಬರೋವಾಗ ನಂಗೆ ಹೇಳಿದ್ರು, ಕೆನಡಾದಾಗೆ ಕಳೆದ ಅಂದ್ರೆ ಮುಂದಿನ ಸಲ ನಮಗ್ಯಾರಿಗೂ ವೀಸಾ ಕೊಡಲ್ಲ, ಜರ್ಮನಿ ಅನ್ನು, ಅಲ್ಲಿ ನಮ್ಮ ಲೆಕ್ಕಾನೇ ಇಲ್ಲ ಅಂತ."

"ಮೇಳದಲ್ಲಿ ಮಗ್ಗಕ್ಕೆ ಕೂತಿದ್ನಾ ಅವನು?"

ಯರ್ರಪ್ಪ ತನ್ನ ಅಂಗೈಯನ್ನೇ ನೋಡಿಕೊಂಡ. "ಬೆನ್ನು ನೋವು ಅಂದ. ನೇಯೋನ ಬೆನ್ನು ನಂಗೊತ್ತಿಲ್ವಾ ಸಾರ್? ನೇಯೋನ ಕೈನೂ ಗೊತ್ತು. ಆ ಕೈ ಒಂದು ಕಡೆನೂ ಜಡ್ಡುಗಟ್ಟಿರ್ಲಿಲ್ಲ."

"ಅದಕ್ಕೆ ಮೊದಲು ಅವನನ್ನ ನೋಡಿದ್ಯಾ?"

"ಇಲ್ಲ. ಬೆಂಗಳೂರಿನಾಗೇ ಮೊದಲು ನೋಡಿದ್ದು. ಇವನೇ ಕಾಮಣ್ಣ ಅಂದ್ರು ಸಾವ್ಕಾರ್ರು. ನಾನು ನಂಬಿದೆ."

ಅವನು ದೇವರ ಪಟದ ಹಿಂದಿನಿಂದ ಒಂದು ಫೋಟೋ ತೆಗೆದುಕೊಟ್ಟ. ಸುಟ್ಟುಬಿಡು ಎಂದು ಸಾಹುಕಾರ ಹೇಳಿದ್ದನಂತೆ, ವಿದೇಶದ ಫೋಟೋ ಎಂದು ಇವನಿಗೆ ಮನಸ್ಸು ಬಂದಿರಲಿಲ್ಲ. ಮೇಳದ ಮಳಿಗೆಯಲ್ಲಿ ಮೂವರು ನಿಂತಿದ್ದರು. ಎಡಗಡೆ ಯರ್ರಪ್ಪ, ನಡುವೆ ಹಣೆಗೆ ವಿಭೂತಿ ಹಚ್ಚಿದ ಸಿದ್ದಲಿಂಗೇಶ್, ಬಲಗಡೆ ಜಾಕೆಟ್ಟು ಹಾಕಿದ ಒಬ್ಬ ಎತ್ತರದ ಮನುಷ್ಯ. ಆ ಮುಖವನ್ನು ಎಲ್ಲೋ ನೋಡಿದ ಹಾಗಿತ್ತು. ಎಲ್ಲಿ ಎಂದು ನೆನಪಾಗಲಿಲ್ಲ.

ಕ್ಯಾತಮ್ಮನ ಮನೆಯಲ್ಲಿ ಗಂಡನ ಒಂದೂ ಫೋಟೋ ಇಲ್ಲ. ಪಾಸ್‌ಪೋರ್ಟಿಗೆಂದು ತೆಗೆಸಿದ್ದನ್ನೆಲ್ಲ ಸಾಹುಕಾರ ಇಸಿದುಕೊಂಡಿದ್ದ. ಹಾಗಾಗಿ ನಾನೂ ಕಾಮಣ್ಣನನ್ನು ಹುಡುಕುತ್ತಿದ್ದದ್ದು ಮುಖ ತಿಳಿಯದೆಯೇ. ಜಗಲಿಗೆ ಬಂದು ಫೋಟೋ ಅವಳ ಕೈಗೆ ಕೊಟ್ಟೆ.

ಅವಳು ಮೊದಲು ನೋಡಿದ್ದು ಮುಖವನ್ನಲ್ಲ, ಆ ಮನುಷ್ಯನ ಕಾಲ ಕೆಳಗೆ ಹಾಸಿದ್ದ ಕರಿ ಕಂಬಳಿಯನ್ನು.

"ಇದು ನಮ್ಮನೇದು ಸಾಮಿ. ಮೂಲೆ ಗಂಟು ನೋಡ್ರಿ, ಏಳು ಎಳೆ ಸೇರಿಸಿ ಎಡಕ್ಕೆ ತಿರುವಿರೋದು. ನನ್ನ ಗಂಡಂಗೆ ಅವನಪ್ಪ ಕಲಿಸಿದ್ದು, ಹಟ್ಟಿಯಾಗೆ ಇನ್ಯಾರಿಗೂ ಬರಾಕಿಲ್ಲ. ನೂಲು ನಂದು, ನೇಯ್ಗೆ ಅವಂದು." ಬೆರಳಿನಿಂದ ಫೋಟೋ ಒರೆಸಿದಳು. "ಅದರ ಮ್ಯಾಲೆ ಬೂಟುಗಾಲಾಗೆ ನಿಂತಾನಲ್ಲ, ಇವನ್ಯಾವನು? ದೇವರಿಗೆ ಗದ್ದಿಗೆ ಹಾಕೋದನ್ನ ತುಳೀತಾನೆ."

"ಸರಿಯಾಗಿ ನೋಡು ಕ್ಯಾತಮ್ಮ. ಇವನು ಕಾಮಣ್ಣ ಅಲ್ವಾ?"

ಅವಳು ನನ್ನ ಮುಖವನ್ನೇ ನೋಡಿದಳು, ನನಗೆ ಬುದ್ಧಿ ನೆಟ್ಟಗಿದೆಯೇ ಎನ್ನುವಂತೆ. "ನನ್ನ ಗಂಡ ಇವನ ಭುಜಕ್ಕೆ ಬರಾಕಿಲ್ಲ."

ಚಳ್ಳಕೆರೆ ಬಸ್ಸು ಬಿ.ಜಿ. ಕೆರೆ ದಾಟಿದ ಮೇಲೆ ಅವಳು ಕೇಳಿದಳು, "ಕಂಬಳಿ ಹೋಗೈತೆ, ಹೆಸರು ಹೋಗೈತೆ. ಅವನು ಹೋಗಿಲ್ಲ. ಹಂಗಾದ್ರೆ ಅವತ್ತು ಮುತ್ತೈದೇರಿಂದ ಆರತಿ ಎತ್ತಿಸ್ಕಂಡು ಮನೆ ಬಿಟ್ಟೋನು ಎಲ್ಲಿಗೋದ ಸಾಮಿ?"

ಹೆಸರಿನ ಒಡೆಯನನ್ನು ಹೆಸರು ಕದ್ದವರು ಜೀವಂತ ಬಿಡುವುದು ಕಡಿಮೆ. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಚಳ್ಳಕೆರೆಯ ಸಿದ್ದಲಿಂಗೇಶನ ಮಿಲ್ಲಿನಲ್ಲಿ ಗಾಣ ನಿಂತು ಎರಡು ವರ್ಷವಾಗಿದ್ದರೂ ಶೇಂಗಾ ಹಿಂಡಿಯ ವಾಸನೆ ಗೋಡೆ ಬಿಟ್ಟಿರಲಿಲ್ಲ. ಅವತ್ತು ಶುಕ್ರವಾರ. ಆಗಷ್ಟೇ ಪೂಜೆ ಮುಗಿದಿತ್ತು. ಊದಿನಕಡ್ಡಿಯ ಹೊಗೆಯ ನಡುವೆ ಗಾದಿಗೆ ಕರಿ ಕಂಬಳಿ ಹೊದಿಸಿ ಅದರ ಮೇಲೆ ಸಾಹುಕಾರ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕ್ಯಾತಮ್ಮನನ್ನು ಬಾಗಿಲ ಬಳಿ ಕೂರಲು ಹೇಳಿ ನಾನು ಒಳಗೆ ಹೋದೆ.

"ಬರ್ರಿ ಉಗ್ರಪ್ಪನೋರೆ. ಕೂತ್ಕಳ್ರಿ. ಚಾ ಹೇಳ್ಲಾ?"

"ಚಾ ಬೇಡ. ಒಂದು ಮಾತು ಕೇಳಬೇಕಿತ್ತು. ವೀಸಾ ಇಲ್ದೆ ಮೂರು ಜನ ಜರ್ಮನಿ ಊರೊಳಗೆ ಹೆಂಗೆ ಹೋದ್ರಿ?"

ಅವನು ನಕ್ಕ. "ಅಲ್ಲೆಲ್ಲ ಯಾರು ಕೇಳ್ತಾರ್ರಿ? ಬಾಗಿಲು ತೆರೆದಿರ್ತೈತೆ."

"ಹಂಗಾದ್ರೆ ನಿಮ್ಮ ಪಾಸ್‌ಪೋರ್ಟ್ ಕೊಡ್ರಿ. ಮುದ್ರೆ ನೋಡ್ತೀನಿ."

"ಅದು ಬೆಂಗಳೂರಿನಾಗೆ ಐತೆ. ಇನ್ನೊಂದು ವೀಸಾಕ್ಕೆ ಕೊಟ್ಟೀನಿ."

"ಯರ್ರಪ್ಪಂದು ಮೊಳಕಾಲ್ಮೂರಿನಾಗೆ ಐತೆ. ನೋಡಿದೆ. ಅದರಲ್ಲಿ ಜರ್ಮನಿ ಇಲ್ಲ."

ನಗು ಹೋಗಲಿಲ್ಲ, ಆದರೆ ಕಣ್ಣು ಒಂದು ಸಲ ಬಾಗಿಲ ಕಡೆ ಹೋಗಿ ಬಂತು. "ಆಯ್ತು ಬಿಡ್ರಿ. ಕೆನಡಾದಾಗೆ ಓಡಿಹೋದ. ಮೇಳದೋರ ಮುಂದೆ ಮರ್ಯಾದೆ ಹೋಗ್ತೈತೆ ಅಂತ ಹಂಗಂದ್ವಿ. ಓಡಿದ್ದು ಅವನು, ನನ್ನನ್ಯಾಕೆ ಹಿಡೀತೀರಿ?"

ಒಂದು ಸುಳ್ಳು ಬಿದ್ದ ಕೂಡಲೇ ಅವನ ಕೈಗೆ ಇನ್ನೊಂದು ಸಿಕ್ಕಿತ್ತು. ನಾನು ಫೋಟೋ ತೆಗೆದು ಗಾದಿಯ ಅಂಚಿನಲ್ಲಿಟ್ಟೆ.

"ಇವನ್ಯಾರು?"

"ಕಾಮಣ್ಣ."

"ಅವನ ಹೆಂಡ್ತಿ ಅಲ್ಲ ಅಂತಾಳೆ."

"ಹೆಂಡ್ತಿ ಮಾತು ಬಿಡ್ರಿ. ಸರ್ಕಾರದ ಮಾತು ಏನಂತೈತೆ ನೋಡಾಣ." ಹಿಂದಿನ ಬೀರುವಿನಿಂದ ಒಂದು ಹಾಳೆ ಎಳೆದು ನನ್ನ ಮುಂದೆ ಹಿಡಿದ. ಪಾಸ್‌ಪೋರ್ಟ್ ವಿಚಾರಣೆಯ ವರದಿಯ ಜೆರಾಕ್ಸ್ ಪ್ರತಿ. ಮೇಲೆ ಫೋಟೋದಲ್ಲಿನ ಅದೇ ಎತ್ತರದ ಮನುಷ್ಯನ ಮುಖ, ಪಕ್ಕದಲ್ಲಿ ಕಾಮಣ್ಣನ ಹೆಸರು. ಕೆಳಗೆ ಕೈಬರಹ ಕಪ್ಪಾಗಿ ಮೂಡಿತ್ತು: ಅರ್ಜಿದಾರರನ್ನು ಅವರ ಮನೆಯಲ್ಲಿ ಖುದ್ದಾಗಿ ಕಂಡು ವಿಚಾರಿಸಲಾಗಿದೆ. ಅದರ ಕೆಳಗೆ ಸಹಿ.

ಸಹಿ ನನ್ನದು.

ಆ ಮುಖ ಎಲ್ಲಿ ನೋಡಿದ್ದೆ ಎಂದು ಈಗ ನೆನಪಾಯಿತು. ಇದೇ ಮಿಲ್ಲಿನಲ್ಲಿ, ಇದೇ ಕುರ್ಚಿಯಲ್ಲಿ ಕೂತು ನೋಡಿದ್ದೆ. ನಿವೃತ್ತಿಗೆ ಮುಂಚಿನ ಬಿಸಿಲುಗಾಲ. ಕಾಮಣ್ಣನ ಹಟ್ಟಿಗೆ ಬಸ್ಸಿಳಿದು ಎರಡು ಹರದಾರಿ ನಡೆಯಬೇಕು. "ಯಾಕೆ ಬಿಸಿಲಾಗೆ ಸಾಯ್ತೀರಿ, ಅವನನ್ನೇ ಇಲ್ಲಿಗೆ ಕರೆಸ್ತೀನಿ" ಎಂದಿದ್ದ ಸಾಹುಕಾರ. ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದ. ನಾನು ತಿನ್ನುತ್ತಾ ಎದುರಿಗೆ ನಿಂತವನ ಹೆಸರು ಕೇಳಿದೆ, ಕಾಮಣ್ಣ ಎಂದ. ಎಣ್ಣೆಗೈ ಒರೆಸಿಕೊಂಡು ಸಹಿ ಹಾಕಿದೆ. ಒಂಬತ್ತು ವರ್ಷದಲ್ಲಿ ಎಷ್ಟು ಜನರನ್ನು ಹೀಗೆ ಕರೆಸಿಕೊಂಡು ನೋಡಿದ್ದೇನೋ ದೇವರಿಗೇ ಗೊತ್ತು. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದೆ, ಹೆಸರೂ ಮುಖವೂ ಮರೆತೆ. ಎರಡು ಹರದಾರಿ ನಡೆದಿದ್ದರೆ ಈ ಹೆಂಗಸು ಬಾಗಿಲಲ್ಲೇ ಕೂತಿರುತ್ತಿದ್ದಳು, ಒಂದೇ ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು.

ಇಷ್ಟು ದಿನ ಕಳ್ಳನ ಹೆಜ್ಜೆ ಹುಡುಕುತ್ತಿದ್ದೆ. ಮೊದಲ ಹೆಜ್ಜೆ ನನ್ನ ಕಾಲಿನದೇ ಆಗಿತ್ತು.

"ಮನೇಲಿ ಖುದ್ದಾಗಿ ಕಂಡೆ ಅಂತ ಬರೆದೋರು ನೀವು" ಎಂದ ಸಿದ್ದಲಿಂಗೇಶ್ ಮೆಲ್ಲಗೆ. "ನಾನು ಮುಳುಗಿದ್ರೆ ನಿಮ್ಮ ಕೊರಳಿಗೂ ಅದೇ ಹಗ್ಗ. ಸೋಮವಾರ ಹಿರಿಯರು ಕೂರ್ತಾರಂತಲ್ಲ. ಕೂರ್ಲಿ ಬಿಡ್ರಿ. ಸತ್ತ ಅಂದ್ರೆ ಎಲ್ಲರಿಗೂ ಮುಗೀತೈತೆ."

ಹೌದೆನ್ನಲು ಒಂದು ಗಳಿಗೆ ನನಗೂ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ. ಆಮೇಲೆ ಮೂಲೆಯಲ್ಲಿ ಬಿದ್ದ ಆ ನೂಲಿನ ಉಂಡೆಗಳು ಕಣ್ಣಮುಂದೆ ಬಂದವು.

"ಮುಳುಗಾಣ ಸಾವ್ಕಾರ್ರೆ, ಇಬ್ರೂ ಮುಳುಗಾಣ" ಎಂದೆ. "ಮೊದಲು ಹೇಳ್ರಿ, ಆ ಹೆಸರಿನ ನಿಜವಾದ ಮನುಷ್ಯ ಎಲ್ಲಿ?"

"ನಂಗೇನು ಗೊತ್ತು? ಚೀಲ ಹೊತ್ತು ಮನೆ ಬಿಟ್ಟೋನು ಅವನು. ಅವಳನ್ನೇ ಕೇಳ್ರಿ."

ಕೇಳಲು ಬಾಗಿಲ ಕಡೆ ತಿರುಗಿದೆ. ಬಾಗಿಲಲ್ಲಿ ಕ್ಯಾತಮ್ಮ ಇರಲಿಲ್ಲ.

ಅವಳು ಯಾವಾಗಲೋ ಒಳಗೆ ಬಂದು ಗಾದಿಯ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದಳು. ಇಳಿಬಿದ್ದ ಕಂಬಳಿಯ ಮೂಲೆಯನ್ನು ಮೂಗಿಗೆ ಹಿಡಿದಿದ್ದಳು.

"ಏಯ್, ಏನು ಮಾಡ್ತಿದ್ಯಾ? ಪೂಜೆ ಮಾಡಿರೋ ಗಾದಿ ಅದು" ಎಂದ ಸಿದ್ದಲಿಂಗೇಶ್.

"ಈ ಕಂಬಳಿ ಎಲ್ಲಿ ತಗಂಡ್ರಿ ಸಾವ್ಕಾರ್ರೆ?"

"ಸಂತೇಲಿ. ವರ್ಷದ ಮೇಲಾಯ್ತು. ಯಾಕೆ?"

"ವರ್ಷದ ಕಂಬಳಿ ಹುಣಸೆ ಬೀಜದ ಗಂಜಿ ವಾಸನೆ ಹೊಡೀತೈತಾ?" ಅವಳ ದನಿ ಏರಲಿಲ್ಲ. "ಗಂಜಿ ಬಳಿದು ಮಗ್ಗ ಇಳಿಸಿದ್ರೆ ಒಂದು ತಿಂಗಳು ಈ ವಾಸನೆ. ಆಮ್ಯಾಲೆ ಹೋಗ್ತೈತೆ. ಇದು ಇನ್ನೂ ಕೈಗೆ ಗರಗರ ಅಂತೈತೆ. ಮಗ್ಗ ಇಳಿದು ಎಂಟು ದಿನಾನೂ ಆಗಿಲ್ಲ."

ಸಿದ್ದಲಿಂಗೇಶ್ ಎದ್ದು ನಿಂತ. ಅವನ ಮುಖದಲ್ಲಿ ಹೆದರಿಕೆಯನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಸಹಿಯನ್ನು ಅಷ್ಟು ಜೋಪಾನವಾಗಿ ಬೀರುವಿನಲ್ಲಿ ಇಟ್ಟುಕೊಂಡವನಿಗೆ ತಾನು ಯಾವುದರ ಮೇಲೆ ಕೂತಿದ್ದೇನೆ ಎಂದು ಗೊತ್ತಿರಲಿಲ್ಲ. ವ್ಯಾಪಾರಿಯ ಕಣ್ಣಿಗೆ ಎಲ್ಲ ಕರಿ ಕಂಬಳಿಯೂ ಒಂದೇ.

ಕ್ಯಾತಮ್ಮ ಮೂಲೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಏಳು ಎಳೆ ಸೇರಿದ ಗಂಟು, ಎಡಕ್ಕೆ ತಿರುವಿತ್ತು.

"ನೇಯ್ಗೆ ಅವಂದೇ ಸಾಮಿ."

ಕಾಮಣ್ಣ ಬದುಕಿದ್ದಾನೆ. ಹತ್ತಿರದಲ್ಲೇ ಎಲ್ಲೋ, ಸಾಹುಕಾರನಿಗೆ ಗೊತ್ತಿರುವ ಜಾಗದಲ್ಲಿ, ಒಂದು ಗುಂಡಿ ಮಗ್ಗಕ್ಕೆ ಕಾಲಿಳಿಬಿಟ್ಟು ಕೂತಿದ್ದಾನೆ.

"ಹಂಗಾದ್ರೆ ಸೋಮವಾರ ಬಳೆ ಒಡಿಯೋ ಮಾತೇ ಇಲ್ಲ ಕ್ಯಾತಮ್ಮ" ಎಂದೆ.

ಅವಳು ತಲೆ ಎತ್ತಲಿಲ್ಲ. ಕಂಬಳಿಯ ಅಂಚಿನಿಂದ ಒಂದು ಎಳೆ ಬಿಡಿಸಿ ಎರಡು ಬೆರಳ ನಡುವೆ ಹೊಸೆಯುತ್ತಿದ್ದಳು. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ತುಂಬ ಹೊತ್ತು ಹಾಗೇ ಹೊಸೆದಳು. ಆಮೇಲೆ ಆ ಎಳೆಯನ್ನು ಸಾಹುಕಾರನ ಗಾದಿಯ ಮೇಲೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ನೂಲು ನಂದಲ್ಲ" ಎಂದಳು.